ಪಕ್ಕದ ಸೀಟಿನ ಬ್ರೇಕು

ಬಸ್ಸಿನಲ್ಲಿ ಕಾಲು ತುಳಿಸಿಕೊಳ್ಳುವುದು ಗಿಣಿಗೆ ಹೊಸದೇನಲ್ಲ. ಬೂಟಿನಿಂದ, ಹೈಹೀಲ್ಸಿನಿಂದ, ಒಮ್ಮೆ ಯಾರೋ ಮಡಿಲಲ್ಲಿಟ್ಟುಕೊಳ್ಳಲಾಗದೆ ಕೆಳಗಿಳಿಸಿದ ಹೊಲಿಗೆ ಮಿಷನ್ನಿನಿಂದಲೂ ತುಳಿಸಿಕೊಂಡಿದ್ದಳು. ಆದರೆ ಆವತ್ತಿನ ತುಳಿತದಲ್ಲಿ ಒಂದು ಶಿಸ್ತಿತ್ತು. ಮುಂದೆ ಸಿಗ್ನಲ್ಲು ಕೆಂಪಾಗುತ್ತಿದ್ದಂತೆ ಮೊದಲು ಮೆಲ್ಲಗೆ ಸೋಕಿತು, ಆಮೇಲೆ ಒತ್ತಿತು, ಬಸ್ಸು ಪೂರ್ತಿ ನಿಂತಾಗ ಪೂರ್ತಿ ತುಳಿಯಿತು. ಸಿಗ್ನಲ್ಲು ಹಸಿರಾದ ಕೂಡಲೇ ಏನೂ ಆಗದವರಂತೆ ಎದ್ದು ಹೋಯಿತು.

ಮುಂದಿನ ಸಿಗ್ನಲ್ಲಿನಲ್ಲೂ ಹಾಗೇ.

ಅವಳು ಪಕ್ಕಕ್ಕೆ ತಿರುಗಿದಳು. ಇಸ್ತ್ರಿ ಮಾಡಿದ ಅಂಗಿ, ಒಂದು ಕಡೆಗೆ ವಾಲಿದ ಕನ್ನಡಕ, ರಸ್ತೆಯ ಮೇಲೇ ನೆಟ್ಟ ನೋಟ. ಬಸ್ಸನ್ನು ತಾನೇ ಓಡಿಸುತ್ತಿದ್ದೇನೆ ಎನ್ನುವಂಥ ಮುಖ.

"ರೀ, ಕಾಲು."

"ಹಾಂ?"

"ನಿಮ್ಮ ಬೂಟಿನ ಕೆಳಗಿದೆಯಲ್ಲ, ಅದು ನಂದು. ಇಳಿಯುವಾಗ ಬೇಕಾಗುತ್ತೆ."

ಅವನು ಕೆಂಡ ತುಳಿದವನಂತೆ ಕಾಲೆತ್ತಿದ. "ಅಯ್ಯೋ, ಸಾರಿ ರೀ! ಬ್ರೇಕ್ ಅಂದ್ಕೊಂಡೆ."

"ಇನ್ನೊಂದು ಸಿಗ್ನಲ್ ಬಂದಿದ್ರೆ ಬ್ರೇಕೇ ಆಗ್ತಿತ್ತು. ಮೂಳೆ."

ವಿಷಯ ಇಷ್ಟು. ಅವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಸುವ ಕಾರಿನಲ್ಲಿ ಮೇಷ್ಟ್ರು ಕೂರುವ ಪಕ್ಕದ ಸೀಟಿಗೂ ಒಂದು ಬ್ರೇಕು ಇರುತ್ತದೆ. ಕಲಿಯುವವರು ಗಾಬರಿಯಾದಾಗಲೆಲ್ಲ ಅದನ್ನು ತುಳಿದು ತುಳಿದು, ಅವನ ಬಲಗಾಲು ಅವನ ಮಾತನ್ನೇ ಕೇಳುತ್ತಿರಲಿಲ್ಲ.

"ಸಿನಿಮಾದಲ್ಲಿ ಚೇಸಿಂಗ್ ಸೀನ್ ಬಂದ್ರೂ ಅಷ್ಟೇ," ಎಂದ ಅವನು ಸಂಕೋಚದಿಂದ. "ಮುಂದಿನ ಸೀಟಿಗೆ ಒದ್ದು ಎರಡು ಸಲ ಹೊರಗೆ ಹಾಕಿಸ್ಕೊಂಡಿದೀನಿ."

ಟಿಕೆಟ್ ಹರಿಯುತ್ತ ಬಂದ ಕಂಡಕ್ಟರಕ್ಕನ ಕಿವಿಗೆ ಇದು ಬಿದ್ದದ್ದೇ ತಡ, ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು: "ಡ್ರೈವರಣ್ಣಾ, ಇನ್ನು ನೀನು ಆರಾಮಾಗಿ ನಿದ್ದೆ ಹೊಡಿ! ಬ್ರೇಕ್ ಹಾಕೋಕೆ ಇಲ್ಲೊಬ್ರು ಬಂದಿದಾರೆ!"

ಬಸ್ಸಿಗೆ ಬಸ್ಸೇ ನಕ್ಕಿತು. ಗಿಣಿ ನಗಬಾರದು ಎಂದುಕೊಂಡೇ ನಕ್ಕಳು. ಕಾಲು ಕೆರೆದು ಜಗಳಕ್ಕೆ ಬರುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಕಾಲು ತುಳಿದು ಪರಿಚಯಕ್ಕೆ ಬಂದವನು ಇವನೊಬ್ಬನೇ.

ಗಿಣಿ ಎನ್ನುವುದು ಅವಳಿಗೆ ಒಡಹುಟ್ಟಿದ ಅಕ್ಕ ಇಟ್ಟ ಹೆಸರು. ಯಾರ ದನಿ ಕೇಳಿದರೂ ಅದನ್ನು ಬಾಯಲ್ಲಿ ಹೊರಳಿಸಿ ವಾಪಸು ಕೊಡುವುದು ಅವಳ ಚಾಳಿ. ಹೊಟ್ಟೆಪಾಡಿಗೆ ಮಾತ್ರ ಕಣ್ಣಾಸ್ಪತ್ರೆಯ ಕೆಳಗಿನ ಕನ್ನಡಕದ ಅಂಗಡಿಯಲ್ಲಿ ಕೆಲಸ. ಜನರ ಕಣ್ಣು ಪರೀಕ್ಷಿಸುವುದು, ಮೂಗಿಗೆ ತಕ್ಕ ಫ್ರೇಮು ಹುಡುಕುವುದು, ಕಿವಿಗೆ ತಕ್ಕಂತೆ ಕಡ್ಡಿ ಬಗ್ಗಿಸುವುದು.

ಮೇಷ್ಟ್ರಿಗೆ ಬಸ್ಸಿನ ಗತಿ ಬಂದದ್ದಕ್ಕೂ ಒಂದು ಕಥೆಯಿತ್ತು. ಡ್ರೈವಿಂಗ್ ಸ್ಕೂಲಿನ ಗೋಡೆಯ ಮೇಲೆ 'ನಮ್ಮಲ್ಲಿ ಕಲಿತವರನ್ನು ತಡೆಯುವವರಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆಸಿದ್ದರು. ಲೈಸೆನ್ಸು ಸಿಕ್ಕ ಖುಷಿಗೆ ಹೊಸ ಗಾಡಿಯಲ್ಲೇ ಸಿಹಿ ಹಂಚಲು ಬಂದ ಶಿಷ್ಯನೊಬ್ಬ ಅದನ್ನು ಅಕ್ಷರಶಃ ನಂಬಿ ಬಂದ. ತಡೆದದ್ದು ಗೋಡೆಯ ಕೆಳಗೆ ನಿಲ್ಲಿಸಿದ್ದ ಮೇಷ್ಟ್ರ ಸ್ವಂತ ಕಾರು.

"ಅದು ಗ್ಯಾರೇಜಿಂದ ಬರೋವರೆಗೂ ಈ ಡಬ್ಬ," ಎಂದ ಅವನು ಮರುದಿನ.

"ಡಬ್ಬ ಅಂತೆಲ್ಲ ಅನ್ಬೇಡಿ, ಅದಕ್ಕೆ ಕೇಳ್ಸುತ್ತೆ. ಬೇಜಾರು ಮಾಡ್ಕೊಂಡು ಮಧ್ಯ ದಾರೀಲಿ ನಿಂತುಬಿಡುತ್ತೆ."

"ಬೇಜಾರಾಗದಿದ್ರೂ ನಿಲ್ಲುತ್ತಲ್ಲ? ಅರ್ಧ ಗಂಟೆ ಕಾಯಿಸಿ ಎರಡು ಬಸ್ ಒಟ್ಟಿಗೆ ಬಂದ್ವು. ಜಗಳ ಆಡಿದ ಗಂಡ ಹೆಂಡ್ತಿ ಥರ. ಮುಂದಿಂದು ತುಂಬಿ ತುಳುಕ್ತಿದೆ, ಹಿಂದಿಂದು ಮುಖ ಊದಿಸ್ಕೊಂಡು ಖಾಲಿ ಬರ್ತಿದೆ."

"ಮತ್ತೆ ನಿಮ್ಮ ಕಾರು? ಆಫೀಸು ತಲುಪೋಕೆ ಹತ್ತು ನಿಮಿಷ, ನಿಲ್ಲಿಸೋ ಜಾಗ ಹುಡುಕೋಕೆ ಅರ್ಧ ಜನ್ಮ. ಕೊನೆಗೆ ಜಾಗ ಸಿಗೋದು ಮನೆ ಹತ್ರಾನೇ."

"ಕಾರಲ್ಲಿ ಬೇಕಾದ ಹಾಡು ಹಾಕ್ಕೋಬಹುದು."

"ಇಲ್ಲಿ ಹಾಡಿಗೆ ಬರವಾ? ಕೇಳಿ." ಗಿಣಿ ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. ಬಾಗಿಲು ಮುಚ್ಚುವ 'ಫ್ಸ್ಸ್ಸ್', ಗೇರು ಬೀಳದ 'ಕಟಕಟಗರ್ರ್', ಕಿಟಕಿ ಗಾಜಿನ 'ಝಣಝಣ', ಅದರ ಮೇಲೆ ಕಂಡಕ್ಟರಕ್ಕನ ಅದೇ ಮೂಗುದನಿ: "ಒಳಗ್ ಬನ್ನಿ, ಒಳಗ್ ಬನ್ನೀ, ಒಳಗೆ ಫುಟ್‌ಬಾಲ್ ಗ್ರೌಂಡೇ ಇದೆ!"

ಬಾಗಿಲಲ್ಲಿ ನೇತಾಡುತ್ತಿದ್ದ ನಾಲ್ಕು ಜನ ನಿಜಕ್ಕೂ ಒಳಗೆ ಬಂದರು. ಕಂಡಕ್ಟರಕ್ಕ ಸೊಂಟಕ್ಕೆ ಕೈಕೊಟ್ಟು, "ಏನೇ ಗಿಣೀ, ನನ್ನ ಕೆಲಸಕ್ಕೂ ಕೈ ಹಾಕ್ತೀಯಾ?" ಎಂದಳು. ಮೇಷ್ಟ್ರು ನಕ್ಕ ರಭಸಕ್ಕೆ ಕನ್ನಡಕ ಮೂಗಿನ ತುದಿಗೆ ಜಾರಿತು.

ಅದು ಜಾರುವುದನ್ನು ನೋಡಿ ನೋಡಿ ಗಿಣಿಗೆ ಸಾಕಾಗಿತ್ತು. "ಕೊಡಿ ಇಲ್ಲಿ," ಎಂದು ತಾನೇ ಅವನ ಮುಖದಿಂದ ಕನ್ನಡಕ ತೆಗೆದು, ಎಡಗಡೆಯ ಕಡ್ಡಿಯನ್ನು ಹೆಬ್ಬೆರಳಿನಿಂದ ನಾಜೂಕಾಗಿ ಬಗ್ಗಿಸಿ, ಮತ್ತೆ ತೊಡಿಸಿದಳು. ಬೆರಳು ಕಿವಿಯ ಹಿಂದಿನ ಮೃದುವಾದ ಜಾಗಕ್ಕೆ ತಾಗಿತು. ದಿನಕ್ಕೆ ಎಷ್ಟೋ ಕಿವಿ ಮುಟ್ಟುವ ಬೆರಳದು. ಯಾವತ್ತೂ ಇಲ್ಲದ್ದು, ಇವತ್ತು ಸ್ವಲ್ಪ ನಿಧಾನಿಸಿತು.

"ನಿಮ್ಮ ಬಲಗಿವಿ ಎಡಗಿವಿಗಿಂತ ಒಂದು ಚೂರು ಮೇಲಿದೆ," ಎಂದಳು ಕಿಟಕಿಯಾಚೆ ನೋಡುತ್ತ.

"ಇಷ್ಟು ವರ್ಷದಲ್ಲಿ ಯಾರೂ ಹೇಳಿರ್ಲಿಲ್ಲ."

"ಯಾರೂ ಸರಿಯಾಗಿ ನೋಡಿರಲ್ಲ."

ಹೇಳಿದ ಮೇಲೆ ಅವಳಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅವನ ಎರಡೂ ಕಿವಿ ಕೆಂಪಾದವು, ಮೇಲಿನದು, ಕೆಳಗಿನದು ಎಂಬ ಭೇದವಿಲ್ಲದೆ.

ಹೀಗೆ ಜಾಗ ಹಿಡಿದಿಡುವುದು ಶುರುವಾಯಿತು. ಮೊದಲು ಹತ್ತುವ ಗಿಣಿ ಪಕ್ಕದ ಸೀಟಿನ ಮೇಲೆ ಬ್ಯಾಗಿಡುತ್ತಿದ್ದಳು. ಯಾರಾದರೂ ಕೇಳಿದರೆ ಕಂಡಕ್ಟರಕ್ಕನೇ ಉತ್ತರ ಕೊಡುತ್ತಿದ್ದಳು: "ಅದು ಸ್ಟಾಫ್ ಸೀಟು. ಬ್ರೇಕ್ ಮೇಷ್ಟ್ರದ್ದು."

ಒಂದು ಬೆಳಿಗ್ಗೆ ಗಿಣಿ ನಗಲಿಲ್ಲ, ಯಾರ ದನಿಯನ್ನೂ ಮಾಡಲಿಲ್ಲ.

"ಏನಾಯ್ತು? ಇವತ್ತು ರೇಡಿಯೋ ಸ್ಟೇಷನ್ ಬಂದ್?" ಎಂದ ಮೇಷ್ಟ್ರು.

ಅವಳು ಹೇಳಿದಳು. ಹಿಂದಿನ ದಿನ ಅಂಗಡಿಗೆ ಒಬ್ಬ ಮುದುಕಿ ಬಂದಿದ್ದರು, ಸೇತುವೆಯಾಚೆ ಎಲ್ಲಿಂದಲೋ, ಎರಡು ಬಸ್ಸು ಬದಲಿಸಿ. ಮೂಗಿನ ಮೇಲಿದ್ದದ್ದು ತೀರಿಹೋದ ಗಂಡನ ಕನ್ನಡಕ. 'ಇದರಲ್ಲಿ ಸರಿಯಾಗಿ ಕಾಣಲ್ಲಮ್ಮ, ಆದ್ರೆ ಅವರಿಗೆ ಲೋಕ ಹೀಗೇ ಕಾಣ್ತಿತ್ತೇನೋ ಅಂತ ಹಾಕ್ಕೋತೀನಿ' ಎಂದಿದ್ದರು. ಕಣ್ಣು ಪರೀಕ್ಷೆ ಅರ್ಧವಾಗುವಷ್ಟರಲ್ಲಿ ವಾಪಸು ಹೋಗುವ ಕೊನೆಯ ಬಸ್ಸಿನ ಹೊತ್ತಾಯಿತೆಂದು ಎದ್ದು ಓಡಿದ್ದರು.

"ಅಷ್ಟು ಕಷ್ಟಪಟ್ಟು ಬಂದು, ಅದೇ ಕನ್ನಡಕದಲ್ಲಿ ವಾಪಸ್ ಹೋದ್ರು." ಗಿಣಿ ಬ್ಯಾಗಿನ ಜಿಪ್ಪನ್ನು ಎಳೆದಳು, ಬಿಟ್ಟಳು. "ಬಸ್ಸು ಬಸ್ಸು ಅಂತ ಕುಣಿತೀನಲ್ಲ, ಬಸ್ಸು ಸರಿಯಾಗಿ ಹೋಗದ ಊರೂ ಇರ್ತಾವೆ ಅನ್ನೋದೇ ಮರೆತಿದ್ದೆ."

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಒಂದು ವ್ಯಾನು ಕೊಳ್ಳುತ್ತಿದ್ದರು. ಕಣ್ಣು ಪರೀಕ್ಷೆಯ ಸಾಮಾನೆಲ್ಲ ತುಂಬಿಕೊಂಡು ಸೇತುವೆಯಾಚೆಯ ಊರುಗಳಿಗೆ ಹೋಗಲು. ಮುದುಕಿ ಓಡಿಹೋದದ್ದನ್ನು ಅವರೂ ನೋಡಿದ್ದರು. 'ಈ ಕೆಲಸಕ್ಕೆ ನೀನೇ ಸರಿ. ಆದ್ರೆ ವ್ಯಾನಿಗೊಬ್ಬ ಡ್ರೈವರ್, ಒಳಗೊಬ್ಬಳು ನೀನು ಅಂತ ಇಬ್ಬರನ್ನ ಇಡೋ ಶಕ್ತಿ ನನಗಿಲ್ಲ. ವ್ಯಾನ್ ಬರೋದ್ರೊಳಗೆ ಲೈಸೆನ್ಸ್ ತಗೊಂಡ್ರೆ ನಿಂದು. ಇಲ್ಲಾಂದ್ರೆ ಗಾಡಿ ಓಡಿಸೋಕೆ ಬರೋ ಬೇರೆಯವರನ್ನ ನೋಡ್ಬೇಕಾಗುತ್ತೆ' ಎಂದಿದ್ದರು.

"ಕಲಿತರಾಯ್ತಲ್ಲ?"

"ಕಲಿತಾಯ್ತು. ನಮ್ಮ ಭಾವ ಒಂದು ಸಲ ಕಲಿಸಿದ್ರು." ಗಿಣಿ ಕುತ್ತಿಗೆಯ ನರ ಉಬ್ಬಿಸಿ, ಕಣ್ಣು ದೊಡ್ಡದು ಮಾಡಿದಳು. "'ಕ್ಲಚ್ಚು... ಕ್ಲಚ್ಚೂ... ಹಾ... ಕ್ಲಚ್ಚೂಊ!' ನೆಗಡಿ ಆದೋರ ಥರ. ಪಾಪ ಅಂತ ಕರ್ಚೀಫ್ ಕೊಡೋಕೆ ಸ್ಟೀರಿಂಗ್ ಬಿಟ್ಟೆ. ಇನ್ನೂ ಜೋರಾಗಿ ಕಿರುಚಿದ್ರು. ಕಾರು ನಡುರಸ್ತೇಲಿ ಬಿಟ್ಟು, ಹಿಂದೆ ಬರ್ತಿದ್ದ ಬಸ್ ಹತ್ತಿ ಮನೆಗೆ ಬಂದುಬಿಟ್ಟೆ."

"ನಾನು ಕಲಿಸ್ತೀನಿ," ಎಂದ ಮೇಷ್ಟ್ರು, ನಗು ಅದುಮಿಕೊಂಡು. "ಕಿರುಚಲ್ಲ."

"ಪ್ರಾಮಿಸ್?"

"ಬಾಯಿ ಮೇಲೆ ಪ್ರಾಮಿಸ್." ಕಾಲಿನ ವಿಚಾರ ಅವನು ಎತ್ತಲಿಲ್ಲ.

ಅವನು ಕಿರುಚಲಿಲ್ಲ. ಸಂಜೆಯ ಬೆಳಕಿನಲ್ಲಿ, ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ, ಸ್ಕೂಲಿನ ಕಾರಿನಲ್ಲಿ, ಮಗುವಿಗೆ ಕಥೆ ಹೇಳುವ ದನಿಯಲ್ಲಿ ಗೇರು ಕಲಿಸಿದ. ಇಂಜಿನ್ನು ಆಫ್ ಆದರೆ, "ಪರವಾಗಿಲ್ಲ, ಅದಕ್ಕೂ ಸುಸ್ತಾಗಿರುತ್ತೆ" ಎನ್ನುತ್ತಿದ್ದ. ಗಿಣಿಯ ಕೈ ಸ್ಟೀರಿಂಗಿನ ಮೇಲೆ ಬಿಗಿಯಾದರೆ, ಒಂದೇ ಬೆರಳಿನಿಂದ ಅವಳ ಮಣಿಕಟ್ಟನ್ನು ತಟ್ಟಿ, "ಓಡಿಹೋಗಲ್ಲ, ಸಡಿಲ ಬಿಡಿ" ಎನ್ನುತ್ತಿದ್ದ. ಮನೆಗೆ ಬಂದ ಮೇಲೂ ಆ ಜಾಗ ಬೆಚ್ಚಗಿರುತ್ತಿತ್ತು.

ತಿರುವು, ಏರು, ರಿವರ್ಸು ಎಲ್ಲ ಬಂತು. ಯಾರಾದರೂ ಅಡ್ಡ ಬಂದರೆ, ಅವಳು ಕಾಲು ಬ್ರೇಕಿನ ಮೇಲಿಟ್ಟರೆ ಸಾಕು, ಕಾರು ಬೆಣ್ಣೆಯಂತೆ ನಿಲ್ಲುತ್ತಿತ್ತು. ತನ್ನ ಕಾಲಿನ ಬಗ್ಗೆ ಗಿಣಿಗೆ ಸಣ್ಣ ಹೆಮ್ಮೆಯೇ ಬಂದುಬಿಟ್ಟಿತು.

ಟೆಸ್ಟಿನ ದಿನ ಅದೇ ಕಾರು. ಪಕ್ಕದಲ್ಲಿ ಮಾತ್ರ ಮೀಸೆಯ ಇನ್ಸ್‌ಪೆಕ್ಟರು, ಕಾಲ ಮೇಲೆ ಕಾಲು ಹಾಕಿ. ಗಿಣಿ ಅಂಕುಡೊಂಕು ದಾರಿಯನ್ನು ನೀರು ಕುಡಿದಂತೆ ದಾಟಿದಳು. ಕೊನೆಗೆ ಹಳದಿ ಗೆರೆ. ಅಲ್ಲಿ ನಿಲ್ಲಿಸಬೇಕು. ಎಂದಿನಂತೆ ಬ್ರೇಕಿನ ಮೇಲೆ ಕಾಲಿಟ್ಟಳು. ಎಂದಿನಂತೆ ಕಾರು ನಿಲ್ಲಲೆಂದು ಕಾದಳು.

ಕಾರು ನಿಲ್ಲಲಿಲ್ಲ. ಗೆರೆ ದಾಟಿ, ಪ್ಲಾಸ್ಟಿಕ್ ಕಂಬವೊಂದನ್ನು ಅಡ್ಡಬೀಳಿಸಿ, ಅದರ ಮೇಲೊಂದಿಷ್ಟು ಹತ್ತಿ ನಿಂತಿತು.

ಗಿಣಿ ತಲೆಯೆತ್ತಿದಳು. ಬೇಲಿಯಾಚೆ ನಿಂತಿದ್ದ ಮೇಷ್ಟ್ರ ಬಲಗಾಲು ನೆಲವನ್ನು ಬಲವಾಗಿ ಒತ್ತಿಕೊಂಡಿತ್ತು.

ಆಗ ಅರ್ಥವಾಯಿತು.

"ನಾನು ಒಂದು ದಿನಾನೂ ಬ್ರೇಕ್ ಹಾಕೇ ಇಲ್ಲ," ಎಂದಳು ಹೊರಗೆ ಬಂದು. "ಎಲ್ಲಾ ನೀವೇ ಹಾಕಿದ್ದು. ಅಲ್ವಾ?"

"ಗೊತ್ತಾಗದೇ..."

"ನಾನು ಪಾಸಾದ್ರೆ ಬಸ್ಸಿಗೆ ಬರಲ್ಲ. ಅದಕ್ಕೇನಾ?"

ಅಲ್ಲ ಎಂದುಬಿಟ್ಟಿದ್ದರೆ ಅವಳು ನಂಬುತ್ತಿದ್ದಳು. ಅವನು ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ.

"ಬೇಕಂತ ಮಾಡಿಲ್ಲ. ಆದ್ರೆ... ನೀವು ಕಾರು ಹತ್ತಿದಾಗೆಲ್ಲ ಒಳಗೊಳಗೇ ಲೆಕ್ಕ ನಡೀತಿತ್ತು, ಇನ್ನೆಷ್ಟು ದಿನ ಈ ಬೆಳಿಗ್ಗೆಗಳು ಅಂತ. ಆ ಲೆಕ್ಕ ಕಾಲಿಗೂ ಕೇಳಿಸ್ತೋ ಏನೋ. ಅಲ್ಲ ಅಂತ ಪೂರ್ತಿ ಹೇಳೋಕೆ ಆಗ್ತಿಲ್ಲ ನನಗೆ."

"ನಿಮಗೆ ಬಸ್ ಡ್ರೈವರ್ ಮೇಲೂ ನಂಬಿಕೆ ಇಲ್ಲ. ನನ್ನ ಮೇಲೂ ಇಲ್ಲ," ಎಂದಳು ಗಿಣಿ. "ಭಾವ ಕಿರುಚಿದ್ರು. ನೀವು ಕಿರುಚದೇನೇ ಕಿರುಚಿದ್ರಿ."

ರಸ್ತೆ ದಾಟಿದಳು. ಯಾವ ಬಸ್ಸು ಎಂದೂ ನೋಡದೆ ಹತ್ತಿ ಕೂತಳು. ಅದು ಊರಿನ ಇನ್ನೊಂದು ತುದಿಗೆ ಹೋಗುವ ಬಸ್ಸಾಗಿತ್ತು. ಅಳಲು ಒಂದಿಷ್ಟು ಹೆಚ್ಚು ದಾರಿ ಸಿಕ್ಕಿತು, ಅಷ್ಟೇ.

ಇನ್ನೊಂದು ಸಲ ಟೆಸ್ಟಿಗೆ ಅವಕಾಶವಿತ್ತು, ವ್ಯಾನು ಬರುವ ಮುಂಚೆ. ಆದರೆ ಗಿಣಿ ಈಗ ಬಸ್ಸಿನ ಮುಂದಿನ ಸೀಟಿನಲ್ಲಿ, ಕಂಡಕ್ಟರಕ್ಕನ ಪಕ್ಕ ಕೂರುತ್ತಿದ್ದಳು. ಬ್ಯಾಗು ಮಡಿಲಲ್ಲೇ. ಹಿಂದೆ ತಿರುಗುತ್ತಿರಲಿಲ್ಲ. ತಿರುಗದೆಯೂ ಅವನು ಯಾವ ಸ್ಟಾಪಿನಲ್ಲಿ ಹತ್ತಿದ, ಎಲ್ಲಿ ಕೂತ ಎಂದು ಬೆನ್ನಿಗೆ ತಿಳಿಯುತ್ತಿತ್ತು.

ಕಂಡಕ್ಟರಕ್ಕ ಕೆಲವು ದಿನ ಸುಮ್ಮನಿದ್ದಳು. ಸುಮ್ಮನಿರುವುದು ಅವಳ ಮೈಗೆ ಒಗ್ಗದ ವಿಷಯ.

"ಗಿಣೀ, ನಿನ್ನ ಮೇಷ್ಟ್ರ ಕಾರು ಎಲ್ಲಿದೆ?"

"ಗ್ಯಾರೇಜಲ್ಲಿ. ಮತ್ತೆ ನನ್ನ ಮೇಷ್ಟ್ರಲ್ಲ."

"ಆ ಗ್ಯಾರೇಜು ನಮ್ಮನೆ ಎದುರಿಗೇ ಇರೋದು. ಕಾರು ರೆಡಿಯಾಗಿ, ಬಿಲ್ಲು ಕಟ್ಟಿ, ಎಷ್ಟು ಕಾಲ ಆಯ್ತು! ಮೇಲೆ ಕವರ್ ಹೊದಿಸಿ, 'ಇನ್ನೊಂದು ಸ್ವಲ್ಪ ದಿನ ಇಟ್ಕೊಳ್ಳಿ ಅಣ್ಣ' ಅಂತಾನಂತೆ. ಗ್ಯಾರೇಜಿನವನು ಬಾಡಿಗೆ ಕೇಳೋಣ ಅಂತಿದಾನೆ."

ಗಿಣಿ ಕಿಟಕಿಯಾಚೆ ನೋಡಿದಳು. ಒಂದೇ ಕಟ್ಟಡ ಬಹಳ ಹೊತ್ತು ಕಂಡಿತು. ಬಸ್ಸು ನಿಂತಿತ್ತೆಂದು ಆಮೇಲೆ ಹೊಳೆಯಿತು.

"ಅಲ್ಲ, ಬಸ್ಸನ್ನ ಬೈಕೊಂಡು ಬಸ್ಸಲ್ಲೇ ಬರೋನು ಅದಿನ್ಯಾಕೆ ಬರ್ತಾನೆ? ನನ್ನ ಮುಖ ನೋಡೋಕಾ?" ಕಂಡಕ್ಟರಕ್ಕ ದನಿ ತಗ್ಗಿಸಿದಳು. "ಹಿಂದೆ ಒಂದ್ಸಲ ತಿರುಗಿ ನೋಡು. ಅದೇನು ಮಾಡ್ತಿದಾನೋ ನೀನೇ ಹೇಳು."

ಗಿಣಿ ತಿರುಗಿದಳು. ಕೊನೆಯ ಸೀಟಿನಲ್ಲಿ ಮೇಷ್ಟ್ರು ಬೂಟು ಕಳಚಿ, ಕಾಲು ಮೇಲೆಳೆದುಕೊಂಡು, ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮುಂದೆ ಸಿಗ್ನಲ್ಲು ಕೆಂಪಾಯಿತು. ಅವನ ಬಲಮಂಡಿ ಜಿಗಿಯಿತು. ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದು, ಕಣ್ಣು ಮುಚ್ಚಿ, ತುಟಿ ಕಚ್ಚಿ ಕೂತ. ಬಸ್ಸು ತಾನಾಗಿಯೇ ನಿಂತಿತು. ಅವನು ಒಂದು ಕಣ್ಣು ತೆರೆದು ನೋಡಿ ಉಸಿರುಬಿಟ್ಟ.

"ಕಾಲು ಪಳಗಿಸ್ತಿದಾನಂತೆ," ಎಂದಳು ಕಂಡಕ್ಟರಕ್ಕ. "ಸೀಟ್ ಮೇಲೆ ಕಾಲಿಡಬೇಡ್ರೀ ಅಂತ ದಿನಾ ಬೈತೀನಿ. ದಿನಾ ಸಾರಿ ಅಂತಾನೆ. ಕಾಲು ಮಾತ್ರ ಇಳಿಸಲ್ಲ."

ಗಿಣಿಗೆ ನಗು ಬಂತು. ಎದ್ದು, ಕಂಬ ಹಿಡಿದು ಹಿಡಿದು ಹಿಂದಕ್ಕೆ ನಡೆದಳು.

"ಮೇಷ್ಟ್ರೇ."

ಅವನು ದಡಬಡಿಸಿ ಕಾಲಿಳಿಸಲು ಹೋದ.

"ಇರ್ಲಿ, ಮೇಲೇ ಇರ್ಲಿ." ಅವಳು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇವತ್ತು ಸಂಜೆ ಕ್ಲಾಸ್ ಇದೆಯಾ?"

ಆ ಸಂಜೆ ಅವನು ಕಾರು ಹತ್ತುವ ಮುಂಚೆ ಬೂಟು ಬಿಚ್ಚಿ ಹಿಂದಿನ ಸೀಟಿನಲ್ಲಿಟ್ಟ. ಪಕ್ಕದ ಸೀಟಿನಲ್ಲಿ ಕಾಲು ಮಡಚಿ, ಮಂಡಿಯ ಮೇಲೆ ಕೈಯಿಟ್ಟು ಕೂತ. ಬ್ರೇಕು ಅಷ್ಟು ದೂರದಲ್ಲಿ, ಒಂಟಿಯಾಗಿ, ಕೆಲಸ ಕಳೆದುಕೊಂಡವನಂತೆ ಕಾಣುತ್ತಿತ್ತು.

"ಏನಾದ್ರೂ ಆದ್ರೆ?" ಎಂದಳು ಗಿಣಿ.

"ನೀವಿದೀರಲ್ಲ."

"ಖಾಲಿ ರಸ್ತೆಗಾ?"

"ಪೇಟೆ ರಸ್ತೆಗೆ."

ಅದು ಇಳಿಜಾರು. ಎರಡೂ ಬದಿಗೆ ಅಂಗಡಿಗಳು, ಸೈಕಲ್ಲುಗಳು, ರಸ್ತೆಯನ್ನೇ ಮನೆಯಂಗಳ ಎಂದುಕೊಂಡು ಹರಟುತ್ತ ನಿಂತವರು. ಗಿಣಿಯ ಬೆನ್ನು ಬೆವರಿತು. ಮೊದಲ ಸಲ ಬ್ರೇಕು ಹಾಕಿದಾಗ ಕಾರು ಬೆಣ್ಣೆಯಂತೆ ನಿಲ್ಲಲಿಲ್ಲ, ಬಿಕ್ಕಿ ನಿಂತಿತು. ಎರಡನೆಯ ಸಲ ಕೆಮ್ಮಿತು. ಪಕ್ಕದವನ ಮಂಡಿ ನಡುಗಿತು, ಕೆಳಗಿಳಿಯಲಿಲ್ಲ.

ಆಗಲೇ ಗಾಜಿನಂಗಡಿಯಿಂದ ಇಬ್ಬರು ಆಳುಗಳು ಆಳೆತ್ತರದ ಕನ್ನಡಿಯೊಂದನ್ನು ಹೊತ್ತುಕೊಂಡು, ಎಡಕ್ಕೂ ಬಲಕ್ಕೂ ನೋಡದೆ ರಸ್ತೆಗೆ ಇಳಿದರು.

ಗಿಣಿಗೆ ಎದುರಿನಿಂದ ಒಂದು ಕಾರು ನುಗ್ಗಿ ಬರುವುದು ಕಂಡಿತು. ಒಳಗೆ ಕಣ್ಣರಳಿಸಿದ ಒಬ್ಬಳು. ಅವಳ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿದ ಒಬ್ಬ. ಯಾವ ಕಾಲಿಗೂ ಕಾಯಲಿಲ್ಲ ಅವಳು. ಪಾದ ತಾನೇ ಇಳಿಯಿತು. ಸೋಕಿತು, ಒತ್ತಿತು, ಪೂರ್ತಿ ತುಳಿಯಿತು.

ಕಾರು ನಿಂತಿತು. ಕನ್ನಡಿಯೂ ನಿಂತಿತು. ಆಳುಗಳು ಅದರ ಹಿಂದಿನಿಂದ ಇಣುಕಿ, "ಏನಮ್ಮಾ, ತಲೆ ಬಾಚ್ಕೋಬೇಕಾ?" ಎಂದರು.

ಗಿಣಿ ಅವರನ್ನು ನೋಡಲಿಲ್ಲ. ಕನ್ನಡಿಯೊಳಗಿನ ಕಾರನ್ನು ನೋಡುತ್ತಿದ್ದಳು. ಅಲ್ಲಿ ಪಕ್ಕದ ಸೀಟಿನವನು ರಸ್ತೆಯನ್ನು ನೋಡುತ್ತಿರಲಿಲ್ಲ. ಕನ್ನಡಿಯನ್ನೂ ನೋಡುತ್ತಿರಲಿಲ್ಲ. ಪೂರ್ತಿ ಅವಳ ಕಡೆಗೇ ತಿರುಗಿ ಕೂತಿದ್ದ, ಎಷ್ಟು ಹೊತ್ತಿನಿಂದಲೋ.

"ನಾನೇ ನಿಲ್ಲಿಸಿದ್ದಾ?" ಎಂದಳು ಮೆಲ್ಲಗೆ.

"ನನ್ನ ಕಾಲು ಇಲ್ಲೇ ಇದೆ. ಬೇಕಾದ್ರೆ ಮುಟ್ಟಿ ನೋಡಿ."

"ನೀವು ರಸ್ತೆ ನೋಡ್ತಾನೇ ಇರ್ಲಿಲ್ಲ."

"ರಸ್ತೆ ನೋಡೋಕೆ ಒಬ್ರಿದ್ರಲ್ಲ. ನನಗೆ ಮೊದಲ ಸಲ ಪುರುಸೊತ್ತು ಸಿಕ್ತು." ಅವನು ಜಾರಿದ ಕನ್ನಡಕವನ್ನು ಸರಿಮಾಡಿಕೊಳ್ಳಲಿಲ್ಲ. "ಪಾಸಾಗಿಬಿಡ್ತೀರ ನೀವು. ಬೆಳಿಗ್ಗೆ ಆ ಬಸ್ಸಲ್ಲಿ ಒಬ್ನೇ ಕೂರಬೇಕು ನಾನು. ಸಂಕಟ ಆಗುತ್ತೆ. ಆದ್ರೂ ಪಾಸಾಗಿ. ಆ ಅಜ್ಜಿ ಕಾಯ್ತಿರ್ತಾರೆ."

ಗಿಣಿ ಕೈಚಾಚಿ ಅವನ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿದಳು. ಕೈ ವಾಪಸು ತರುವುದನ್ನು ಮರೆತಳು. ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರ್ನು ಹೊಡೆಯತೊಡಗಿದವು, ಒಂದೊಂದು ಒಂದೊಂದು ದನಿಯಲ್ಲಿ. ಯಾವುದನ್ನೂ ಅನುಕರಿಸಬೇಕೆಂದು ಅವಳಿಗೆ ಅನ್ನಿಸಲಿಲ್ಲ.

"ಮನೆಗೊಂದು ಕನ್ನಡಿ ತಗೋಬೇಕು," ಎಂದಳು, ಗೇರು ಹಾಕುತ್ತ. "ಇಬ್ರೂ ಕಾಣೋಷ್ಟು ದೊಡ್ಡದು."

ಹಳದಿ ಗೆರೆಗೆ ಒಂದು ಗೇಣು ಮುಂಚೆಯೇ ಈ ಸಲದ ಟೆಸ್ಟಿನಲ್ಲಿ ಕಾರು ನಿಂತಿತು. ಮೀಸೆಯ ಇನ್ಸ್‌ಪೆಕ್ಟರು ಇಳಿಯುವಾಗ, "ಹೋದ ಸಲ ಬಂದಿದ್ದು ನಿಮ್ಮ ತಂಗೀನಾ?" ಎಂದು ಕೇಳಿದರು.

ವ್ಯಾನು ಬಂತು. ಗಿಣಿ ದಿನವೆಲ್ಲ ಸೇತುವೆಯಾಚೆಯ ಊರುಗಳಲ್ಲಿ ಕಣ್ಣು ನೋಡಿದಳು. ಮುದುಕಿಗೆ ಹೊಸ ಗಾಜು ಹಾಕಿಕೊಟ್ಟಳು, ಗಂಡನ ಅದೇ ಫ್ರೇಮಿಗೆ. ವ್ಯಾನು ಮನೆಗೆ ಒಯ್ಯುವಂತಿಲ್ಲ ಎಂದು ಆಮೇಲೆ ತಿಳಿಯಿತು, ಸಂಜೆ ಅದನ್ನು ಆಸ್ಪತ್ರೆಯಲ್ಲೇ ಬಿಡಬೇಕು. ಅಲ್ಲಿಂದ ಮನೆಗೆ ಬಸ್ಸೇ.

ಮೊದಲ ಸಂಜೆ ಅವಳು ಬಸ್ಸು ಹತ್ತಿದಾಗ ಅವಳ ಹಳೆಯ ಜಾಗದಲ್ಲಿ ಒಂದು ಜೊತೆ ಕೈಗವಸು ಮತ್ತು ಟಿಫಿನ್ ಡಬ್ಬ ಜಾಗ ಹಿಡಿದು ಕೂತಿದ್ದವು. ಪಕ್ಕದಲ್ಲಿ ಮೇಷ್ಟ್ರು.

"ಇದು ಸ್ಟಾಫ್ ಸೀಟು," ಎಂದ, ಕಂಡಕ್ಟರಕ್ಕನ ಮೂಗುದನಿಯನ್ನು ಅನುಕರಿಸಲು ಹೋಗಿ. ದನಿ ಎಲ್ಲಿಗೋ ಹೋಗಿ ಎಲ್ಲಿಗೋ ಬಂತು.

"ಪಾಠ ಹೇಳಿಸ್ಕೊಳ್ಳಿ ನನ್ನ ಹತ್ರ," ಎಂದು ಗಿಣಿ ಕೂತಳು. "ಕಾರು?"

"ಬಿಡಿಸ್ಕೊಂಡು ಬಂದೆ. ಭಾನುವಾರಕ್ಕೆ. ನೀವು ಓಡಿಸೋದಾದ್ರೆ."

ಬಸ್ಸು ಹೊರಟಿತು. ಗಾಜು ಝಣಝಣ ಎಂದಿತು. ದಿನದ ಆಯಾಸವೆಲ್ಲ ಮೈಯಿಂದ ಇಳಿದು, ಗಿಣಿಯ ತಲೆ ಅವನ ಭುಜಕ್ಕೆ ಒರಗಿತು. ಕಾರಿನಲ್ಲಿ ಇದು ಸಾಧ್ಯವೇ ಎಂದು ಕೇಳಬೇಕೆಂದುಕೊಂಡಳು. ಗೆದ್ದವರು ವಾದ ಮಾಡಬಾರದೆಂದು ಸುಮ್ಮನಾದಳು.

ಮುಂದೆ ಸಿಗ್ನಲ್ಲು ಕೆಂಪಾಯಿತು.

ಸೋಕಿತು. ಒತ್ತಿತು. ಪೂರ್ತಿ ತುಳಿಯಿತು.

ಈ ಸಲ ಕೆಳಗಿದ್ದದ್ದು ಅವನ ಬೂಟು.

"ಅಯ್ಯೋ!" ಗಿಣಿ ತಲೆಯೆತ್ತಿದಳು. "ಸಾರಿ... ಬ್ರೇಕ್ ಅಂದ್ಕೊಂಡೆ."

ಅವನು ತನ್ನ ಕಾಲನ್ನು ನೋಡಿದ, ಅದರ ಮೇಲಿದ್ದ ಅವಳ ಕಾಲನ್ನು ನೋಡಿದ. ಸಿಗ್ನಲ್ಲು ಹಸಿರಾಯಿತು, ಬಸ್ಸು ಕದಲಿತು.

"ಇರ್ಲಿ, ತೆಗೀಬೇಡ," ಎಂದ.